ಎಡಕ್ಕೆ ತಿರುಗುವ ಫ್ಯಾನು ನನಗೆ ಬೇಡ!

ಫ್ಯಾನಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಧಾರವಾಡ ಬಿಟ್ಟು ಪುಣೆಗೆ ಬಂದಾಗಿನಿಂದ ನಾನು ಫ್ಯಾನು ಮಾರುತ್ತ ಬಂದವನು. ಛತ್ತಿನ ಫ್ಯಾನು, ಮೇಜಿನ ಫ್ಯಾನು, ಗೋಡೆಯ ಫ್ಯಾನು, ಅಡುಗೆಮನೆಯ ಹೊಗೆ ಹೊರಗೆ ಹಾಕುವ ಫ್ಯಾನು, ಎಲ್ಲವೂ ನನ್ನ ಅಂಗಡಿಯಲ್ಲಿ ತಿರುಗಿವೆ. ಗಿರಾಕಿ ಒಳಗೆ ಕಾಲಿಟ್ಟಕೂಡಲೇ ಅವನ ಮನೆಯ ಛತ್ತು ಎಷ್ಟು ಎತ್ತರವಿರಬಹುದೆಂದು ಮುಖ ನೋಡಿ ಹೇಳಬಲ್ಲೆ. ಆದ್ದರಿಂದ ನನ್ನ ಹೆಂಡತಿಯ ತಮ್ಮ ಪ್ರಲ್ಹಾದ ಒಂದು ಸಂಜೆ ಗೋಣಿಚೀಲ ಹೊತ್ತು ಬಂದು, "ಮಾಮಾ, ನನ್ನ ಬೋಟಿಗೆ ಎರಡು ಪ್ರೊಪೆಲ್ಲರ್ ತರಬೇಕಾಗೇದ. ನಿಮ್ಮ ಕೈಲೆ ಆಗ್ತದೇನು?" ಎಂದು ಕೇಳಿದಾಗ ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು.

"ಆಗ್ತದೇನು ಅಂತ ಕೇಳ್ತೀ? ಯಾರ ಮುಂದ ನಿಂತು ಕೇಳ್ಲಿಕ್ಹತ್ತೀ?" ಎಂದೆ. ಪ್ರೊಪೆಲ್ಲರ್ ಎಂದರೇನು? ನೀರಿನಲ್ಲಿ ತಿರುಗುವ ಫ್ಯಾನು. ಅಷ್ಟೇ!

ಪ್ರಲ್ಹಾದನ ಸಂಗತಿ ಸ್ವಲ್ಪ ಹೇಳಬೇಕು. ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಕಾಯಂ ನೌಕರಿ. ಅದನ್ನು ಬಿಟ್ಟು, ಪುಣೆಯ ಹತ್ತಿರದ ಪಾನಶೇತ ಅಣೆಕಟ್ಟಿನ ನೀರಿನಲ್ಲಿ ರಜೆಯ ದಿನ ಬರುವ ಜನರನ್ನು ಬೋಟಿನಲ್ಲಿ ಸುತ್ತಾಡಿಸುತ್ತೇನೆ ಎಂದು ಹೊರಟ. ಮುಂಬೈಯಿಂದ ಹಳೆಯದೊಂದು ಬೋಟು ತಂದ. ಅದರ ಬೆನ್ನಿಗೆ ಒಂದಲ್ಲ, ಎರಡು ಎಂಜಿನ್ನು. ಬೇಸಿಗೆಯಲ್ಲಿ ನೀರು ಇಳಿದಾಗ ಅವು ತಳದ ಕಲ್ಲಿಗೆ ಬಡಿದು, ಎರಡರ ಪ್ರೊಪೆಲ್ಲರುಗಳೂ ಅಂಚು ಮುರಿದುಕೊಂಡು ಕೂತಿದ್ದವು. ಬರುವ ಶುಕ್ರವಾರ ಪರವಾನಗಿ ಕೊಡುವ ಸಾಹೇಬರು ಖುದ್ದಾಗಿ ಬಂದು, ಬೋಟಿನಲ್ಲಿ ಕೂತು, ಆಚೆ ದಂಡೆಗೆ ಹೋಗಿ ಬರುವವರಿದ್ದರು. ಬೋಟು ನೆಟ್ಟಗೆ ಓಡಿದರೆ ಪರವಾನಗಿ. ಓಡದಿದ್ದರೆ ಪ್ರಲ್ಹಾದ ಬಿಟ್ಟುಬಂದ ಕಚೇರಿಯ ಬಾಗಿಲಿಗೆ ಹೋಗಿ ಕೈಮುಗಿದು ನಿಲ್ಲಬೇಕು. ತಾಯಿಯಿಲ್ಲದ ಹುಡುಗ ಅವನು. ನನ್ನ ಹೆಂಡತಿ ಸುಮಿತ್ರಾ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಆ ವಾರವೆಲ್ಲ ದೇವರ ಮುಂದಿನ ದೀಪ ಆರಲು ಅವಳು ಬಿಡಲಿಲ್ಲ.

ಗೋಣಿಚೀಲದಲ್ಲಿ ಹಳೆಯ ಪ್ರೊಪೆಲ್ಲರುಗಳಿದ್ದವು, ಅಂಗಡಿಯಲ್ಲಿ ನಮೂನೆಗೆ ತೋರಿಸಲೆಂದು. ಬೋಟಿಗೆ ಬಣ್ಣ ಬಳಿಯುವುದಿತ್ತು, ಪ್ರಲ್ಹಾದ ಚೀಲ ಇಟ್ಟು ಬಸ್ಸು ಹಿಡಿದ. ಮರುದಿನ ನಾನು ಸ್ಕೂಟರಿಗೆ ಚೀಲ ಕಟ್ಟಲು ಹೋದೆ. ಎಂಥ ಭಾರ! ಒಂದನ್ನು ತೆಗೆದು ಮೂಲೆಗೆ ಇಟ್ಟೆ.

"ಏನ್ರೀ, ಪಲ್ಲೂ ಎರಡೂ ಒಯ್ಯಿರಿ ಅಂದಾನಲ್ಲ?" ಎಂದಳು ಸುಮಿತ್ರಾ.

"ಎರಡೂ ಒಂದs ಇದ್ದಾವ. ಅವಳಿ ಜವಳಿ. ಒಂದರ ಮಾರಿ ನೋಡಿದ್ರ ಇನ್ನೊಂದರದು ನೋಡಿಧಂಗ."

ಅವಳು ಬಗ್ಗಿ ಎರಡನ್ನೂ ಮಗ್ಗಲಿಗೆ ಮಗ್ಗಲು ಇಟ್ಟು ನೋಡಿದಳು. "ಒಂದಿಷ್ಟು ನೋಡ್ರಿ ಇಲ್ಲೆ. ಇದರ ಎಸಳು ಇತ್ತಾಗ ಹೊಳ್ಳ್ಯಾವ, ಅದರವು ಅತ್ತಾಗ ಹೊಳ್ಳ್ಯಾವ."

"ಕಲ್ಲಿಗೆ ಬಡದು ಹೊಳ್ಳ್ಯಾವ!" ಎಂದೆ. ಹೆಂಗಸರಿಗೆ ಯಂತ್ರದ ವಿಷಯ ತಿಳಿಸಿ ಹೇಳುವುದು ಎಷ್ಟು ಕಷ್ಟವೆಂದು ಗೊಣಗುತ್ತ ಸ್ಕೂಟರಿಗೆ ಕಿಕ್ ಹೊಡೆದೆ.

ಪುಣೆಯ ನಾನಾ ಪೇಠೆ ಎಂಬಲ್ಲಿ ಬಿಡಿಭಾಗಗಳ ಅಂಗಡಿಗಳ ಸಾಲಿದೆ. ಅದರಲ್ಲಿ ಬೋಟಿನ ಸಾಮಾನು ಇಡುವವನು ಒಬ್ಬನೇ ಒಬ್ಬ. ನಾನು ತಲುಪುವುದಕ್ಕೂ ಅವನು ಷಟರ್ ಎಳೆಯುವುದಕ್ಕೂ ಸರಿಹೋಯಿತು. ಮಧ್ಯಾಹ್ನ ಒಂದು ಗಂಟೆ ಆಗಿತ್ತು. ಪುಣೆಯ ಅಂಗಡಿಕಾರನಿಗೆ ಒಂದರಿಂದ ನಾಲ್ಕರವರೆಗೆ ಊಟ ಮತ್ತು ನಿದ್ರೆಯ ವೇಳೆ. ಆಗ ಸಾಕ್ಷಾತ್ ಲಕ್ಷ್ಮಿಯೇ ಬಂದರೂ ಕಟ್ಟೆಯ ಮೇಲೆ ಕೂತು ಕಾಯಬೇಕು. ನಾನು ಕಾಯ್ದೆ. ಬಿಸಿಲಿನಲ್ಲಿ ಕಾಯ್ದೆ. ಷಟರಿನ ಪಕ್ಕದಲ್ಲಿ ಮರಾಠಿ ಫಲಕಗಳಿದ್ದವು. 'ಸಲಹೆ ಕೇಳಿದರೆ ಮಾತ್ರ ಕೊಡಲಾಗುವುದು. ಕೊಟ್ಟ ಮೇಲೆ ಕೇಳಬೇಕು' ಎಂದು ಒಂದು. 'ಮಾರಿದ ಮಾಲು ವಾಪಸು ಪಡೆಯುವುದಿಲ್ಲ. ಮುಖ ಸಪ್ಪಗೆ ಮಾಡಿದರೂ ಇಲ್ಲ' ಎಂದು ಇನ್ನೊಂದು. ಓದಿ ಓದಿ ನನ್ನ ಪಿತ್ತ ನೆತ್ತಿಗೇರಿತು. ನಾನೂ ಅಂಗಡಿಕಾರನೇ, ಆದರೆ ಗಿರಾಕಿಗೆ ಇಷ್ಟು ಬೈಯಬೇಕಾದರೆ ಅವನು ಒಳಗೆ ಬರುವವರೆಗಾದರೂ ಕಾಯುತ್ತೇನೆ.

ನಾಲ್ಕಕ್ಕೆ ಷಟರು ಏರಿತು. ನಾನು ನಮೂನೆಯನ್ನು ಗಲ್ಲೆಯ ಮೇಲೆ ಕುಟ್ಟಿ, ನನ್ನ ಮರಾಠಿಯಲ್ಲಿ, "ಇಂಥವು ಎರಡು ಕೊಡಿ" ಎಂದೆ.

ಅವನು ಕನ್ನಡಕ ಏರಿಸಿದ. "ಎರಡು ಬೋಟಿಗೋ, ಒಂದು ಬೋಟಿಗೋ?"

"ಒಂದೇ ಬೋಟು. ಎರಡು ಎಂಜಿನ್ನು!" ಎಂದೆ, ಹೆಮ್ಮೆಯಿಂದ.

ಅವನು ಒಳಗೆ ಹೋಗಿ ಎರಡು ಹೊಸ ಪ್ರೊಪೆಲ್ಲರು ತಂದಿಟ್ಟ. "ಇದು ಬಲಕ್ಕೆ ತಿರುಗುವುದು, ಇದು ಎಡಕ್ಕೆ ತಿರುಗುವುದು. ಜೋಡಿ ಎಂಜಿನ್ನಿಗೆ ಹೆಚ್ಚಾಗಿ ಒಂದು ಬಲ, ಒಂದು ಎಡ ಬೇಕಾಗುತ್ತದೆ. ನಿಮ್ಮ ಇನ್ನೊಂದು ಹಳೆಯದು ಎಲ್ಲಿ? ಅದನ್ನು ನೋಡದೆ ಹೇಳುವುದಿಲ್ಲ."

ನಾನು ಸಾವಕಾಶವಾಗಿ ನಕ್ಕೆ. ನಾನೂ ವ್ಯಾಪಾರಿ. ಓಡದ ಮಾಲನ್ನು ಓಡುವ ಮಾಲಿನ ಕೊರಳಿಗೆ ಕಟ್ಟಿ ದಾಟಿಸುವ ವಿದ್ಯೆ ನನಗೂ ಗೊತ್ತು. ನನ್ನ ಗೋಡೆಯ ಫ್ಯಾನುಗಳೆಲ್ಲ ಹಾಗೇ ಖರ್ಚಾದದ್ದು. ಎಡಕ್ಕೆ ತಿರುಗುವ ಫ್ಯಾನು ಎಂದರೆ ಗಾಳಿಯನ್ನು ಉಲ್ಟಾ ದೂಡುವ ಫ್ಯಾನು. ಅಂಥದು ಬಂದರೆ ನಾನು ಕಾರಖಾನೆಗೆ ಬೈದು ತಿರುಗಿ ಕಳಿಸುತ್ತೇನೆ. ಅದನ್ನು ಈತ ನನಗೇ ಮಾರುತ್ತಾನೆ!

ಇನ್ನೂ ಒಂದು ಮಾತಿತ್ತು. ನಮ್ಮಲ್ಲಿ ಶುಭಕಾರ್ಯಕ್ಕೆ ಎಲ್ಲವೂ ಬಲಕ್ಕೆ. ಆರತಿ ಬಲಕ್ಕೆ, ಪ್ರದಕ್ಷಿಣೆ ಬಲಕ್ಕೆ. ಎಡಕ್ಕೆ ಸುತ್ತುವುದು ಯಾರಾದರೂ ತೀರಿಕೊಂಡಾಗ ಮಾತ್ರ. ಹುಡುಗನ ಹೊಸ ಧಂದೆಯ ಮೊದಲ ದಿನ, ನನ್ನ ಕೈಯಿಂದ, ಅಪ್ರದಕ್ಷಿಣೆ ಹಾಕುವ ವಸ್ತು?

"ಎಡದ್ದು ನಮಗೆ ಬೇಡ. ಎರಡೂ ಬಲದ್ದೇ ಕೊಡಿ," ಎಂದೆ.

"ಅಹೋ ಗೃಹಸ್ಥರೇ, ಇದು ದೇವಸ್ಥಾನ ಸುತ್ತುವುದಿಲ್ಲ, ನೀರು ತಳ್ಳುತ್ತದೆ!"

"ನಿಮ್ಮಲ್ಲಿ ಎಡದ್ದು ಮಾರಾಟವಾಗದೆ ಉಳಿದಿದ್ದರೆ ಅದು ನನ್ನ ತಪ್ಪಲ್ಲ!"

ಅವನು ಎಡದ್ದನ್ನು ಒಳಗಿಟ್ಟು, ಇನ್ನೊಂದು ಬಲದ್ದನ್ನು ತಂದು, ಬೆರಳಿನಿಂದ ಫಲಕ ತೋರಿಸಿದ. ಸಪ್ಪೆ ಮುಖದ ಫಲಕ. ನಾನು ಗೆದ್ದವನ ಗತ್ತಿನಲ್ಲಿ ಹೊರಬಿದ್ದೆ.

ರಾತ್ರಿ ಊಟಕ್ಕೆ ಕೂತಾಗ ಸುಮಿತ್ರಾಳಿಗೆ ಈ ವಿಜಯದ ವರ್ಣನೆ ಮಾಡಿದೆ. ಅವಳು ರೊಟ್ಟಿ ಬಡಿಸುತ್ತ ತಲೆ ಎತ್ತಿ ನಮ್ಮ ಛತ್ತಿನ ಫ್ಯಾನನ್ನೇ ನೋಡತೊಡಗಿದಳು.

"ಏನ್ರೀ, ನಮ್ಮ ಫ್ಯಾನ್ ಎಡಕ್ಕs ತಿರಗಲಿಕ್ಹತ್ತದಲ್ಲ?"

ನಾನೂ ನೋಡಿದೆ. ಇಷ್ಟು ವರ್ಷ ಮಾರಿದ್ದೆ, ಒಮ್ಮೆಯೂ ನೋಡಿರಲಿಲ್ಲ. ಆದರೆ ಸೋಲೊಪ್ಪುವ ಜಾತಿ ನನ್ನದಲ್ಲ. "ಫ್ಯಾನ್ ಅನ್ನೂದನ್ನ ಕೆಳಗಿಂದ ನೋಡಬಾರದು, ಮ್ಯಾಲಿಂದ ನೋಡಬೇಕು. ಮ್ಯಾಲಿಂದ ನೋಡಿದ್ರ ಬಲಕ್ಕ ತಿರಗತದ."

"ಮ್ಯಾಲಿಂದ ನೋಡ್ಲಿಕ್ಕೆ ನಾವೇನು ಹಲ್ಲಿ ಏನ್ರೀ?" ಎಂದಳು.

ನಾನು ಇನ್ನೊಂದು ರೊಟ್ಟಿ ಕೇಳಿದೆ. ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಪಾನಶೇತಕ್ಕೆ ಹೋದೆವು. ಹೊಸ ಬಣ್ಣ ಬಳಿದುಕೊಂಡು ಬೋಟು ದಂಡೆಯಲ್ಲಿ ಮದುಮಗನ ಹಾಗೆ ನಿಂತಿತ್ತು. ಪ್ರಲ್ಹಾದ ಸಾಹೇಬರನ್ನು ಕರೆತರಲು ಜೀಪು ತೆಗೆದುಕೊಂಡು ಹೋಗುವವನಿದ್ದ. "ಮಾಮಾ, ಪ್ರೊಪೆಲ್ಲರ್ ನಾ ಬಂದು ಕೂಡಸ್ತೀನಿ, ನೀವು ಕೈ ಹಚ್ಚಬ್ಯಾಡ್ರಿ," ಎಂದ. ಕೈ ಹಚ್ಚಬೇಡ ಎಂದರೆ ಏನರ್ಥ? ಊರಿನ ಅರ್ಧ ಮನೆಗಳ ಛತ್ತಿಗೆ ಕೈ ಹಚ್ಚಿದವನು ನಾನು! ಜೀಪು ತಿರುವಿನಲ್ಲಿ ಮರೆಯಾದದ್ದೇ ತಡ, ಪ್ಯಾಂಟು ಮೊಣಕಾಲಿಗೆ ಏರಿಸಿ, ಪಾನಾ ಹಿಡಿದು ನೀರಿಗಿಳಿದು, ಎರಡೂ ಪ್ರೊಪೆಲ್ಲರು ಕೂಡಿಸಿ ನಟ್ಟು ಬಿಗಿದೆ. ಎಷ್ಟು ಸಲೀಸಾಗಿ ಕೂತವು! ಸರಿಯಿಲ್ಲದ ವಸ್ತು ಹೀಗೆ ಸಲೀಸಾಗಿ ಕೂಡುತ್ತದೆಯೇ, ನೀವೇ ಹೇಳಿ.

ಸಾಹೇಬರು ಬಂದರು. ಗುಂಡಗಿನ ಆಳು, ಬಿಳಿ ಸಫಾರಿ, ಕಂಕುಳಲ್ಲಿ ಫೈಲು. ಅವರು ಬಂದ ಗಡಿಬಿಡಿಯಲ್ಲಿ ಪ್ರಲ್ಹಾದ, "ಕೂಡಸೇಬಿಟ್ರೇನು? ಎರಡೂ ಸರಿ ನೋಡಿ ತಂದೀರಿಲ್ಲೊ ಮಾಮಾ?" ಎಂದಷ್ಟೇ ಕೇಳಿದ. "ನೋಡೇ ತಂದೀನಿ," ಎಂದೆ. ಕೊರಳಿಗೆ ತೇಲುವ ಜಾಕೀಟು ಕಟ್ಟಿಸಿಕೊಂಡು ಸಾಹೇಬರು ನಡುವೆ ಕೂತರು. ಸುಮಿತ್ರಾ ಗಂಗವ್ವನಿಗೆ ಉಡಿ ತುಂಬುವ ಹರಕೆ ಹೊತ್ತಿದ್ದಳು, ಅದಕ್ಕೆ ಅಕ್ಕಿ, ಕಾಯಿ, ಖಣ, ಅರಿಷಿಣ ಕುಂಕುಮದ ತಟ್ಟೆ ಹಿಡಿದು ಅವಳೂ ಹತ್ತಿದಳು. ಹುಟ್ಟು ಹಾಕಿ ಬೋಟನ್ನು ಆಳಕ್ಕೆ ತಂದೆವು. ಅವಳು ಕೈಮುಗಿದು ಉಡಿಯ ಕಾಯಿಯನ್ನು ನೀರಿಗೆ ಬಿಟ್ಟಳು. ಕಾಯಿ ತೇಲಿತು. ಪ್ರಲ್ಹಾದ ಎರಡೂ ಎಂಜಿನ್ನು ಚಾಲೂ ಮಾಡಿ, ಎರಡೂ ಹಿಡಿಕೆಗಳನ್ನು ಮುಂದೆ ದೂಡಿದ.

ಬೋಟು ಮುಂದೆ ಹೋಗಲಿಲ್ಲ. ಅಲ್ಲಲ್ಲೇ ಸಣ್ಣ ಸುತ್ತು ಹಾಕತೊಡಗಿತು.

ಮೊದಲು ನಾವು ಅದನ್ನು ಗಾಳಿ ಎಂದುಕೊಂಡೆವು. ಎರಡನೆಯ ಸುತ್ತಿಗೆ ಅಲೆ ಎಂದುಕೊಂಡೆವು. ಆಚೆ ದಂಡೆ ಸಾಹೇಬರ ಮುಂದೆ ಬಂತು, ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು. ಹತ್ತಿರ ಮಾತ್ರ ಬರಲಿಲ್ಲ!

"ಪಲ್ಲೂ, ಜೋರ ಕಡಿಮಿ ಬಿತ್ತು! ಇನ್ನಷ್ಟು ಕೊಡು!" ಎಂದು ನಾನು ಕೂಗಿದೆ. ಅವನು ಗಾಬರಿಯಲ್ಲಿ ಇನ್ನಷ್ಟು ಕೊಟ್ಟ. ಬೋಟು ಇನ್ನಷ್ಟು ತಿರುಗಿತು. ಫೈಲಿನೊಳಗಿನ ಕಾಗದಗಳು ಹಾರಿದವು. ಸಾಹೇಬರು ಒಂದು ಕೈಯಲ್ಲಿ ಬೋಟನ್ನೂ ಇನ್ನೊಂದು ಕೈಯಲ್ಲಿ ನನ್ನ ಕಾಲರನ್ನೂ ಹಿಡಿದುಕೊಂಡರು. ಅಕ್ಕಿ ಎಲ್ಲರ ತಲೆಯ ಮೇಲೂ ಅಕ್ಷತೆಯಂತೆ ಬಿತ್ತು. ತೇಲುತ್ತಿದ್ದ ಕಾಯಿ ನಮ್ಮ ಎಡಮಗ್ಗಲಿಗೆ ಇತ್ತು, ಬಿಡದೆ ಎಡಮಗ್ಗಲಿಗೇ ಇತ್ತು.

"ಏನ್ರೀ!" ಎಂದು ಸುಮಿತ್ರಾ ಚೀರಿದಳು. "ಎಡಕ್ಕ ಸುತ್ತಲಿಕ್ಹತ್ತೀವಿ! ಗಂಗವ್ವಗ ಅಪ್ರದಕ್ಷಿಣಿ ಹಾಕಲಿಕ್ಹತ್ತೀವಲ್ರೀ!"

ಎರಡು ಬಲದ ಫ್ಯಾನು ಹಚ್ಚಿದ ಬೋಟು ಎಡಕ್ಕೆ ಹೇಗೆ ತಿರುಗುತ್ತದೆ? ಇದು ಅನ್ಯಾಯ! ಬೋಟಿಗೆ ಒದೆಯಬೇಕೆನಿಸುವಷ್ಟು ಸಿಟ್ಟು ಬಂತು. ಒದೆಯೋಣವೆಂದರೆ ಸಾಹೇಬರು ಕಾಲರು ಬಿಡುತ್ತಿಲ್ಲ.

ಪ್ರಲ್ಹಾದ ಎಂಜಿನ್ನು ಬಂದ್ ಮಾಡಿ, ಎಡಗಡೆಯದನ್ನು ನೀರಿನಿಂದ ಮೇಲೆತ್ತಿ ನೋಡಿದ.

"ಮಾಮಾ... ಇದೂ ಬಲದ್ದs?"

"ಎರಡೂ ಬಲದ್ದs! ಅವಾ ಎಡದ್ದು ಕಟ್ಟಲಿಕ್ಕೆ ನೋಡಿದಾ. ನಾ ಮೋಸಾ ಹೋಗ್ಲಿಲ್ಲ!"

ಅವನು ಬೈದಿದ್ದರೆ ಚೆನ್ನಾಗಿತ್ತು. ಹಣೆ ಒರೆಸಿಕೊಂಡು ಸಾವಕಾಶ ಹೇಳಿದ: "ಎಡಗಡೆ ಎಂಜಿನ್ ಎಡಕ್ಕs ತಿರಗತದ್ರಿ ಮಾಮಾ. ಎರಡೂ ಒಂದs ಕಡೆ ತಿರಗಿದ್ರ ಬೋಟು ಒಂದs ಮಗ್ಗಲಿಗೆ ಎಳೀತದಂತ ಮಾಡಿದವರು ಹಂಗ ಮಾಡ್ಯಾರ. ಅದಕ್ಕ ಬಲದ ಪ್ರೊಪೆಲ್ಲರ್ ಹಚ್ಚಿದ್ರ ಅದು ಬೋಟನ್ನ ಹಿಂದಕ ದೂಡತದ. ಒಂದು ಮುಂದ ದೂಡಿ, ಒಂದು ಹಿಂದ ದೂಡಿದ್ರ, ಇನ್ನೇನು ಆಗ್ತದ್ರಿ?"

ಇನ್ನೇನು ಆಗುತ್ತದೆ ಎಂಬುದು ಎಲ್ಲರಿಗೂ ಆಗಲೇ ಆಗಿತ್ತು. ಆದರೂ ಕೆಲಸ ಪೂರ್ತಿ ಕೆಟ್ಟಿರಲಿಲ್ಲ, ಇದನ್ನು ಗಮನಿಸಬೇಕು. ಸಾಹೇಬರು ಒಳ್ಳೆಯವರು. ಉಸಿರು ಬಂದ ಮೇಲೆ, "ಒಂದೇ ಎಂಜಿನ್ನಿನ ಮೇಲೆ ನಿಧಾನವಾಗಿ ನಡೆಯಿರಿ, ಅಡ್ಡಿಯಿಲ್ಲ. ಆಚೆ ದಂಡೆ ಮುಟ್ಟಿದರೆ ಸಹಿ ಮಾಡುತ್ತೇನೆ," ಎಂದು ಮರಾಠಿಯಲ್ಲಿ ಅಂದರು. ಸುಮಿತ್ರಾ ಗಂಗವ್ವನ ಹೆಸರು ಹೇಳಿ ನಿಟ್ಟುಸಿರುಬಿಟ್ಟಳು. ಪ್ರಲ್ಹಾದನ ಮುಖಕ್ಕೆ ಬಣ್ಣ ಬಂತು.

ಅಲ್ಲಿಗೆ ನಾನು ಸುಮ್ಮನೆ ಕೂಡಬೇಕಿತ್ತು. ಕಲ್ಲಿನ ಹಾಗೆ ಕೂಡಬೇಕಿತ್ತು! ಆದರೆ ನನಗೆ ಒಂದು ವಿಚಾರ ಹೊಳೆಯಿತು. ಎಡಗಡೆಯದು ಬೋಟನ್ನು ಹಿಂದೆ ದೂಡುತ್ತದೆ ತಾನೇ? ಹಾಗಾದರೆ ಅದನ್ನು ಹಿಂದಿನ ಗೇರಿಗೆ ಹಾಕಿದರೆ ಮುಂದೆ ದೂಡಲೇಬೇಕು! ಎಷ್ಟು ಸರಳ! ಎರಡೂ ಬಲದ ಫ್ಯಾನು ಇಟ್ಟುಕೊಂಡೇ ಬೋಟು ಬಾಣದಂತೆ ಹೋಗುತ್ತದೆ, ನಾನಾ ಪೇಠೆಯ ಆ ಮನುಷ್ಯನ ಮಾತು ಸುಳ್ಳಾಗುತ್ತದೆ.

"ಬ್ಯಾಡ ಮಾಮಾ," ಎಂದ ಪ್ರಲ್ಹಾದ. "ಹಿಂದಿನ ಗೇರು ಇರೂದು ದಂಡಿಗೆ ಹಚ್ಚೂ ಮುಂದ ಒಂದಿಷ್ಟು ಸರೀಲಿಕ್ಕೆ. ಅದರ ಮ್ಯಾಲೆ ಜೋರ ಹಾಕಿದ್ರ ಮುರೀತದ." ಹೀಗೆ ಹೇಳಿ, ಸಾಹೇಬರ ಕಾಗದಗಳನ್ನು ಹೆಕ್ಕಲು ನೀರಿನತ್ತ ಬಗ್ಗಿದ.

ಅವನು ಬಗ್ಗಿದ. ನಾನು ಎದ್ದೆ. ಎಡ ಎಂಜಿನ್ನು ಇಳಿಸಿ, ಎರಡನ್ನೂ ಚಾಲೂ ಮಾಡಿ, ಬಲದ ಹಿಡಿಕೆ ಮುಂದೆ, ಎಡದ ಹಿಡಿಕೆ ಹಿಂದೆ, ಒಂದೇ ಏಟಿಗೆ!

ಬೋಟು ನೆಟ್ಟಗೆ ಹೋಯಿತು. ಸುಳ್ಳು ಹೇಳುತ್ತಿಲ್ಲ, ಎತ್ತಿನ ಗಳೆ ಹೊಡೆದ ಸಾಲಿನಂತೆ ನೆಟ್ಟಗೆ ಹೋಯಿತು! "ನೋಡ್ರಿ!" ಎಂದು ಕೂಗಿದೆ. "ನೋಡ್ಯಾ ಸುಮಿತ್ರಾ! ನೋಡ್ಯಾ!" ಸಾಹೇಬರೂ ತಲೆಯಾಡಿಸಿದಂತೆ ಕಂಡಿತು, ಹೆದರಿಕೆಯಿಂದಲೂ ಇರಬಹುದು. ಜೀವನದಲ್ಲಿ ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ. ಆ ಸಂತೋಷ ಆಚೆ ದಂಡೆಯ ಹುಣಸೆಮರಗಳನ್ನು ಎಣಿಸುವಷ್ಟು ಹತ್ತಿರ ಬರುವವರೆಗೆ ಉಳಿಯಿತು.

ಆಮೇಲೆ ಎಡಗಡೆಯಿಂದ ಕಟಕಟ ಎಂದು ಸದ್ದು ಬಂತು. ಆಮೇಲೆ ಕಟ್ ಎಂದಿತು. ಆಮೇಲೆ ಅಲ್ಲಿಂದ ಯಾವ ಸದ್ದೂ ಬರಲಿಲ್ಲ. ಬಲಗಡೆಯದು ಮಾತ್ರ ಮೈಮೇಲೆ ದೇವರು ಬಂದಂತೆ ದೂಡುತ್ತಲೇ ಇತ್ತು. ಬೋಟು ಎಡಕ್ಕೆ ಸೊಟ್ಟಗಾಗಿ ಹೊರಳಿ, ಮೀನುಗಾರರು ಹರಡಿದ್ದ ಬಲೆಯ ನಡುವೆ ನುಗ್ಗಿತು. ಬಲಗಡೆಯ ಪ್ರೊಪೆಲ್ಲರು ಆ ಬಲೆಯನ್ನು ತನ್ನ ಸೊಂಟಕ್ಕೆ ನೀಟಾಗಿ ಸುತ್ತಿಕೊಂಡು ನಿಂತಿತು. ಬಲಕ್ಕೇ ಸುತ್ತಿಕೊಂಡಿತ್ತು, ಆ ಸಮಾಧಾನ ಮಾತ್ರ ನನಗೆ ಉಳಿಯಿತು.

ಬಲೆಯ ಒಡೆಯ ತನ್ನ ಪುಟ್ಟ ದೋಣಿಯಲ್ಲಿ ಬಂದ. ಹಗ್ಗ ಕಟ್ಟಿ ನಮ್ಮನ್ನು ಈಚೆ ದಂಡೆಗೆ ಎಳೆದುಕೊಂಡು ಹೊರಟ. ದಾರಿಯುದ್ದಕ್ಕೂ ಅವನು ಬೈದ ಬೈಗುಳಗಳಲ್ಲಿ ಅರ್ಧ ನನಗೆ ಹೊಸವು. ತಿರುಗಿ ಬೈಯೋಣವೆಂದರೆ ಹಗ್ಗ ಅವನ ಕೈಯಲ್ಲಿ. ಸುಮಿತ್ರಾ ಖಾಲಿ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ನೀರು ನೋಡುತ್ತಿದ್ದಳು.

ದಂಡೆಗೆ ಬಂದ ಮೇಲೆ ಪ್ರಲ್ಹಾದ ಕಲ್ಲಿನ ಮೇಲೆ ಕುಸಿದು ಕೂತ. "ಅಕ್ಕಾ," ಎಂದ ಅವಳಿಗೆ, ನನಗಲ್ಲ. "ಸೋಮವಾರ ಆಫೀಸಿಗೆ ಹೋಗಿ ಕೇಳಿ ನೋಡ್ಲೇನು? ತಗೋತಾರೇನು ಮತ್ತ?"

ಅಲ್ಲಿಯವರೆಗೆ ನನ್ನಲ್ಲಿ ಸಿಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ಆ ಮಾತು ಕೇಳಿ ತಪ್ಪಾಯಿತು ಎನ್ನಬೇಕೆಂದು ಬಾಯಿ ತೆರೆದೆ. "ಆ ಅಂಗಡಿಯವಾ ಸರಿಯಾಗಿ ತಿಳಿಸಿ ಹೇಳ್ಲಿಲ್ಲ," ಎಂಬ ಮಾತು ಹೊರಬಂತು.

ಸಾಹೇಬರು ಜಾಕೀಟು ಬಿಚ್ಚಿಕೊಟ್ಟು ಕೂದಲೊಳಗಿನ ಅಕ್ಕಿ ಝಾಡಿಸಿಕೊಂಡರು. "ಇನ್ನೊಂದು ಸಲ ಬರುತ್ತೇನೆ," ಎಂದರು ಪ್ರಲ್ಹಾದನಿಗೆ. "ರಿಪೇರಿ ಮಾಡಿಸಿ ಇಡಿ. ನಿಮ್ಮ ಬೋಟಿನಲ್ಲಿ ದೋಷವಿಲ್ಲ." ಆಮೇಲೆ ನನ್ನತ್ತ ಬೆರಳು ತೋರಿಸಿದರು. "ಆದರೆ ಈ ಗೃಹಸ್ಥರು ಅಂದು ಬೋಟಿನಲ್ಲಿ ಇರಬಾರದು. ದಂಡೆಯ ಮೇಲೂ ಕಾಣಬಾರದು. ಕಂಡರೆ ನಾನು ಜೀಪಿನಿಂದ ಇಳಿಯುವುದಿಲ್ಲ." ಸರಕಾರಿ ಮನುಷ್ಯ ಹೀಗೆ ಮಾತಾಡಬಹುದೇ? ಕೇಳೋಣವೆಂದರೆ ಸುಮಿತ್ರಾ ನನ್ನ ಕಾಲು ತುಳಿದಳು.

ಮುರಿದ ಗೇರನ್ನು ಮುಂಬೈಯಿಂದ ಮಿಸ್ತ್ರಿಯನ್ನು ಕರೆಸಿ ಸರಿಮಾಡಿಸಿದ್ದಾಯಿತು. ಎಡದ ಪ್ರೊಪೆಲ್ಲರು ತರಲು ಸುಮಿತ್ರಾ ತಾನೇ ಹೋದಳು. ಹಳೆಯವೆರಡನ್ನೂ ರಿಕ್ಷಾದಲ್ಲಿ ಹಾಕಿಕೊಂಡು, ಬೆಳಿಗ್ಗೆ, ಅಂಗಡಿ ತೆರೆಯುವ ಹೊತ್ತಿಗೆ. ಆ ಮನುಷ್ಯ ಅವಳಿಗೆ ಕುರ್ಚಿ ಕೊಟ್ಟನಂತೆ! ಚಹಾ ತರಿಸಿದನಂತೆ! ಪುಣೆಯ ಅಂಗಡಿಕಾರ! "ನಿಮ್ಮ ಯಜಮಾನರ ಪ್ರಕೃತಿ ಆರಾಮ ಅದ ಏನು ಅಂತನೂ ಕೇಳಿದಾ," ಎಂದಳು. ಈ ಮಾತು ನನ್ನನ್ನು ಎರಡು ದಿನ ಸುಟ್ಟಿತು.

ಸಾಹೇಬರು ಮತ್ತೆ ಬರುವ ದಿನ ನಾನು ಮನೆಯಲ್ಲಿರಲು ಒಪ್ಪಲಿಲ್ಲ. ಕಡೆಗೆ ಒಪ್ಪಂದವಾಯಿತು: ದಂಡೆಯಿಂದ ದೂರ, ಮೇಲಿನ ರಸ್ತೆಯ ಭಜಿ ಅಂಗಡಿಯಲ್ಲಿ ನಾನು ಕೂಡಬೇಕು, ಕೆಳಗಿಳಿಯಬಾರದು. ಕೂತೆ. ಕಾಂದಾ ಭಜಿ ತರಿಸಿಕೊಂಡೆ. ಅಲ್ಲಿಂದ ನೀರೆಲ್ಲ ಕಾಣುತ್ತಿತ್ತು. ಬೋಟು ಹೊರಟಿತು. ಅತ್ತ ಇತ್ತ ಸರಿಯದೆ, ನೀರಿಗೆ ಗೆರೆ ಹೊಡೆದಂತೆ ಆಚೆ ದಂಡೆಗೆ ಹೋಯಿತು, ಮುಟ್ಟಿತು, ತಿರುಗಿ ಹೊರಟಿತು. ನನಗೆ ಕಣ್ಣಲ್ಲಿ ನೀರು ಬಂತು. ಒಂದು ಎಡ, ಒಂದು ಬಲ ಹಚ್ಚಿಕೊಂಡು ಅದು ಇಷ್ಟು ಚೆಂದ ಹೋಗುವುದನ್ನು ಕಂಡು ಸಿಟ್ಟೂ ಬಂತು.

ಭಜಿ ಅಂಗಡಿಯವನು ಕರಿಯುವ ಝಾರಾ ಹಿಡಿದು ಪಕ್ಕದಲ್ಲಿ ಬಂದು ನಿಂತ. "ಇವತ್ತು ನೆಟ್ಟಗೆ ಹೊರಟಿದೆ ನೋಡಿ," ಎಂದ ಮರಾಠಿಯಲ್ಲಿ. "ಹೋದ ಸಲ ಗಿರಗಿರ ತಿರುಗಿತ್ತು. ಆ ಹುಡುಗನ ಮಾಮಾ ಒಬ್ಬ ಇದ್ದಾನಂತೆ, ಎಲ್ಲಾ ಅವನದೇ ಕಾರುಭಾರು. ನಿಮಗೆ ಗೊತ್ತೇ ಅವನು?"

"ಮುಖ ಕಂಡು ಬಲ್ಲೆ," ಎಂದೆ. ಅಷ್ಟಕ್ಕೇ ನಿಲ್ಲಿಸುವವನಿದ್ದೆ. ಏಕೋ ನಿಲ್ಲಲಿಲ್ಲ. "ಮಹಾ ಮೂರ್ಖ! ಹೆಂಡತಿ ಹೇಳಿದ್ದನ್ನು ಕೇಳುವುದಿಲ್ಲ, ಅಂಗಡಿಯವನು ಹೇಳಿದ್ದನ್ನು ಕೇಳುವುದಿಲ್ಲ, ಮುರಿಯುತ್ತದೆ ಎಂದು ಹುಡುಗ ಕೈಮುಗಿದು ಹೇಳಿದರೂ ಕೇಳುವುದಿಲ್ಲ! ಹುಡುಗನ ಅನ್ನಕ್ಕೇ ಕಲ್ಲು ಹಾಕಿದ್ದ! ಇಷ್ಟಾದರೂ ತಪ್ಪಾಯಿತು ಎಂಬ ಮಾತು ಆ ಬಾಯಿಂದ ಬಂದಿಲ್ಲ. ಇಂಥವನನ್ನು ಆ ನೀರಿನಲ್ಲೇ ಮುಳುಗಿಸಬೇಕಿತ್ತು!"

ಮೇಜು ಗುದ್ದಿದ ಏಟಿಗೆ ಭಜಿ ತಟ್ಟೆಯಿಂದ ಹಾರಿತು. ಅಂಗಡಿಯವನು ಗಾಬರಿಯಾಗಿ ನನ್ನ ಹೆಗಲ ಮೇಲೆ ಕೈಯಿಟ್ಟ.

"ಜಾಊ ದ್ಯಾ ಸಾಹೇಬ, ಹೋಗಲಿ ಬಿಡಿ," ಎಂದ. "ಅವನೂ ಮನುಷ್ಯ. ಹುಡುಗನಿಗೆ ಒಳ್ಳೆಯದಾಗಲೆಂದೇ ಮಾಡಿರಬೇಕು, ಪಾಪ."

ನಮ್ಮ ಮನೆತನದಲ್ಲಿ, ಇಡೀ ಪುಣೆಯಲ್ಲಿ, ಆ ವಿಷಯದಲ್ಲಿ ನನ್ನ ಪರವಾಗಿ ಇಂದಿನವರೆಗೆ ಒಂದು ಮಾತು ಆಡಿದವನು ಅವನೊಬ್ಬನೇ. ಅವನ ಮೇಲೂ ನಾನು ರೇಗಿದೆ.